ಇಬ್ಬರಿಲ್ಲದೆ ಅಳಿಸಿದ ಫೈಲು

ಇಲ್ಲಿ ಕೂತಿರುವ ಹಿರಿಯರಿಗೆ, ತಾಯಂದಿರಿಗೆ, ಬಸವಕಲ್ಯಾಣದಿಂದ ಕೆಲಸ ಬಿಟ್ಟು ಬಂದ ನಮ್ಮ ಕಚೇರಿಯ ಗೆಳೆಯರಿಗೆ ಶರಣು. ಶಂಕರಲಿಂಗಣ್ಣನವರ ತಂದೆ ಮಹಾರುದ್ರಪ್ಪ ಕಾಕಾ, ಅಣ್ಣನ ಹೆಂಡತಿ ದೀಪಾಲಿ ವೈನಿ — ನಿಮ್ಮೆದುರು ಮಾತಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಕೇಳಿದ ಮೇಲೆ ನೀವೇ ಹೇಳಿ. ನಾನು ಶರಣಕುಮಾರ. ಆರು ವರ್ಷ ಅಣ್ಣನ ಕೈಕೆಳಗೆ ಕೆಲಸ ಕಲಿತವನು.

ಅಣ್ಣ ತೀರಿಕೊಂಡು ಇವತ್ತಿಗೆ ಒಂಬತ್ತು ದಿನ. ಕಚೇರಿಯ ಕಾಗದದಲ್ಲಿ ಅವರ ಹೆಸರಿನ ಮುಂದೆ ಒಂದು ಶಬ್ದ ಬರೆದಿದ್ದಾರೆ — ನಿರ್ಲಕ್ಷ್ಯ. ಆ ಶಬ್ದದ ಬಗ್ಗೆ ಹೇಳಲಿಕ್ಕೇ ನಿಂತಿದ್ದೇನೆ.

ಅಣ್ಣ ನೋಡಿಕೊಳ್ಳುತ್ತಿದ್ದದ್ದು ಬಸವಕಲ್ಯಾಣದ ನಮ್ಮ ನೆಟ್‌ವರ್ಕ್ ಸ್ವಿಚ್. "ಬತ್ತಿ ಹಾಕಾಕ, ತೆಗ್ಯಾಕ ಇಷ್ಟು ಓದಬೇಕೇನೋ?" ಎಂದು ಕಾಕಾ ಒಮ್ಮೆ ನಮ್ಮನ್ನೆಲ್ಲ ನಗಿಸಿದ್ದರು. ಇದು ಆ ಸ್ವಿಚ್ ಅಲ್ಲ ಕಾಕಾ. ಬಸವಕಲ್ಯಾಣ, ಹುಮನಾಬಾದ ಎರಡೂ ಊರಿನ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆ. ಕಾಲೇಜು, ದವಾಖಾನೆ, ಎಲ್ಲ ಅದರ ಮೇಲೇ ನಡೆದಿವೆ. ಅದರ ಹೊಟ್ಟೆಯಲ್ಲಿ ಒಂದು ದೊಡ್ಡ ಫೈಲು ಇರುತ್ತದೆ. ಚಾಲೂ ಆಗುವಾಗ ಅದನ್ನು ಓದಿಕೊಂಡೇ ಪೆಟ್ಟಿಗೆ ಏಳುವುದು. ಫೈಲು ಇಲ್ಲದಿದ್ದರೆ — ಏಳುವುದಿಲ್ಲ.

ಹಳೆಯ ಫೈಲು ತೆಗೆದು ಹೊಸದು ಹಾಕುವಾಗ ಅಣ್ಣನದೊಂದು ಪದ್ಧತಿ ಇತ್ತು. ಮೊದಲು ಹಳೆಯದರ ನಕಲು ಹುಮನಾಬಾದಿನ ಕಂಪ್ಯೂಟರಿಗೆ ಕಳಿಸಬೇಕು. ಆಮೇಲೆ ಅಳಿಸುವ ಫೈಲಿನ ಹೆಸರನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಬೇಕು, ಪಕ್ಕದಲ್ಲಿ ಇನ್ನೊಬ್ಬರು ಕೂತು "ಹೌದು" ಅನ್ನಬೇಕು. ಯಾರೂ ಸಿಗದ ದಿನ ಜನರೇಟರ್ ನೋಡಿಕೊಳ್ಳುವ ಹುಸೇನ ಚಾಚಾನನ್ನೇ ಕರೆಯುತ್ತಿದ್ದರು.

"ನನಗ ಇಂಗ್ಲಿಷ್ ಬರಂಗಿಲ್ಲಲ್ರಿ ಸಾಬ್!"

"ಬರದಿದ್ರೂ ನಡೀತದ ಚಾಚಾ. ನೀವು ಹೌದು ಅನ್ನೂತನಕ ನನ್ನ ಕೈ ನಿಂತಿರ್ತದಲ್ಲ, ಅಷ್ಟ ಸಾಕು."

ಅಣ್ಣನ ಮಂತ್ರ ಸುರುವಾಯಿತು ಎಂದು ನಾವು ಹಿಂದೆ ನಿಂತು ನಗುತ್ತಿದ್ದೆವು. ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವನು ನಾನು.

ಮಾರ್ಚ್ ಏಳು, ಎರಡು ಸಾವಿರದ ಆರು, ಮಂಗಳವಾರ. ಅಣ್ಣ ಹುಮನಾಬಾದಿನಲ್ಲಿದ್ದರು. ಮಧ್ಯಾಹ್ನ, ಚಾಚಾ ನಮಾಜಿಗೆ ಹೋದ ಹೊತ್ತು. ಬಸವಕಲ್ಯಾಣದ ಆ ಕೋಣೆಯಲ್ಲಿ ಒಬ್ಬ, ಒಬ್ಬನೇ ಕೂತು, ನಕಲು ತೆಗೆಯದೆ ಹಳೆಯ ಫೈಲನ್ನು ಅಳಿಸಿದ. ಹೊಸ ಫೈಲಿನ ಸಿ.ಡಿ.ಯಲ್ಲಿ ಗೀರು ಬಿದ್ದಿತ್ತು. ಅರ್ಧ ಬಂದು ನಿಂತಿತು. ಹಳೆಯದೂ ಇಲ್ಲ, ಹೊಸದೂ ಇಲ್ಲ.

ಆದರೂ ಪೆಟ್ಟಿಗೆ ನಡೆಯುತ್ತಲೇ ಇತ್ತು — ಇದೇ ಹೆದರಿಕೆಯ ಮಾತು. ಎದ್ದಾಗ ಓದಿಕೊಂಡದ್ದು ಅದರ ನೆನಪಿನಲ್ಲಿದೆ. ಆರುವತನಕ ನಡೆಯುತ್ತದೆ. ಒಂದು ಸಲ ಆರಿದರೆ ಮುಗಿಯಿತು. ಇವತ್ತೂ ಹಾಗೇ ಇದೆ. ನಿನ್ನೆ ಕರೆಂಟು ಹೋದಾಗ ಜನರೇಟರ್ ನಾಲ್ಕನೇ ಸಲಕ್ಕೆ ಹತ್ತಿತು; ಅಲ್ಲಿಯತನಕ ಬ್ಯಾಟರಿಯೇ ಪೆಟ್ಟಿಗೆಯನ್ನು ನಡೆಸಿತು. ಚಾಚಾ ತಾಸಿಗೊಮ್ಮೆ ಫೋನು ಮಾಡುತ್ತಾರೆ: "ಚಾಲೂ ಅದರಿ."

ಫೈಲು ಅಳಿಸಿದ ಕೈ ಯಾವುದು? — ನೋಡಿರಿ. ಇದು. ನನ್ನದು.

ಸಂಜೆ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಬೈಯಲಿಲ್ಲ. "ಪೆಟ್ಟಿಗಿ ಬತ್ತಿ ಹತ್ಯಾವೇನು?" ಎಂದರು. "ಹತ್ಯಾವ್ರಿ" ಅಂದೆ. "ಹಂಗಾದ್ರ ಏನೂ ಮುಟ್ಟಬ್ಯಾಡ. ಆರು ವರ್ಷಾದ್ರೂ ನಿನ್ನ ನೌಕರಿ ಇನ್ನೂ ಪಕ್ಕಾ ಆಗಿಲ್ಲ. ಸಾಹೇಬರ ಮುಂದ ನನ್ನ ಕೈಲೆ ಆಗ್ಯದ ಅಂತೀನಿ." ಹಾಗೇ ಹೇಳಿದರು. ನಾನು ತಡೆಯಲಿಲ್ಲ. ಹೊಸ ಸಿ.ಡಿ. ತರಲು ರವಿವಾರ ತಾವೇ ಹೈದರಾಬಾದಿಗೆ ಹೋದರು. ಬರುವಾಗ ಜಹೀರಾಬಾದಿನ ಹತ್ತಿರ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಜೀಪು ಬಡಿಯಿತು. ಪೊಲೀಸರು ಕೊಟ್ಟ ಚೀಲದಲ್ಲಿ ಸಿ.ಡಿ. ಎರಡು ತುಂಡಾಗಿತ್ತು. ಇನ್ನೊಂದು ಇನ್ನೂ ಬಂದಿಲ್ಲ.

ಆ ದಿನ ದವಾಖಾನೆಯ ಕಟ್ಟೆಯ ಮೇಲೆ ವೈನಿ ನನ್ನನ್ನು ಕೇಳಿದರು: "ಶರಣು, ಖರೇ ಹೇಳಪಾ. ಇವರ ಕೈಲೆ ತಪ್ಪಾಗಿತ್ತೇನು? ಅದಕ್ಕ ರವಿವಾರ ಸೂಟಿ ದಿನಾನೂ ಓಡಿದ್ರೇನು?"

ನಾನು — "ಹೌದ್ರಿ ವೈನಿ" ಅಂದೆ.

ಸತ್ತವರ ಮೇಲೆ ಸುಳ್ಳು ಹಾಕಿದೆ. ಒಂಬತ್ತು ದಿನ ಅನ್ನ ಉಂಡೆ, ಅದೇ ನೌಕರಿಗೆ ಹೋದೆ. ನನಗೆ ನಾಚಿಕೆಯಾಗುತ್ತಿದೆ. ಇವತ್ತು ಮುಂಜಾನೆ ಎಲ್ಲವನ್ನೂ ಬರೆದು, ಸಹಿ ಮಾಡಿ, ಸಾಹೇಬರ ಕೈಗೆ ಕೊಟ್ಟು ಬಂದಿದ್ದೇನೆ. ವೈನಿ, ಅವರು ತಪ್ಪು ಮಾಡಿರಲಿಲ್ಲ. ಕಾಕಾ, ನಿಮ್ಮ ಮಗ ತಪ್ಪು ಮಾಡಿರಲಿಲ್ಲ.

ಈಗ ಎಲ್ಲರೂ ಎದ್ದು, ಅಣ್ಣನನ್ನು ನೆನೆದು ಎರಡು ನಿಮಿಷ ಮೌನವಾಗಿ ನಿಲ್ಲೋಣ. ಆಮೇಲೆ ನೀವೆಲ್ಲ ಕೂತುಕೊಳ್ಳಿರಿ. ನಾನು ನಿಂತೇ ಇರುತ್ತೇನೆ. ವೈನಿ ಏನು ಕೇಳುವುದಿದ್ದರೂ ಎಲ್ಲರ ಎದುರಿಗೇ ಕೇಳಲಿ.