ಎರಡು ಸಲ ಅಳಿಸಿದ ಕುಂಕುಮ

ನಮ್ಮ ಕಡೆಯದೇ ಒಂದೂರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ನೀರಾವರಿ ಹೊಲ, ಎರಡು ಟ್ರ್ಯಾಕ್ಟರು, ಊರಲ್ಲಿ ಮರ್ಯಾದೆ. ನೆನಪಿಡಿ, ಇದು ಹಸಿದವನ ಕಥೆ ಅಲ್ಲ.

ಅವನ ತಂದೆ ತೀರಿಕೊಂಡರು. ಒಂದಿಷ್ಟು ಹೊಲ ಇನ್ನೂ ಅವರ ಹೆಸರಲ್ಲೇ ಇತ್ತು. ರೈತರಿಗೆ ಅಂತ ಸರ್ಕಾರ ಕೊಡುವ ಸಹಾಯಧನ ಅವರ ಖಾತೆಗೆ ಬೀಳುತ್ತಿತ್ತು. ಮಣ್ಣು ಮಾಡಿ ಬಂದ ಮೇಲೂ ಬಿತ್ತು. ಫೋನಿಗೆ ಬಂದ ಮೆಸೇಜು ನೋಡಿ ಸಾಹುಕಾರ ಸುಮ್ಮನಾದ. ಸತ್ತರು ಅಂತ ಕಚೇರಿಯಲ್ಲಿ ಬರೆಸಿದರೆ ನಿಲ್ಲುತ್ತೆ. ಬರೆಸದಿದ್ದರೆ ಬರ್ತಾ ಇರುತ್ತೆ. ಸರ್ಕಾರದ ದುಡ್ಡು ತಾನೆ, ಇದರಿಂದ ಯಾರ ಮನೆ ಹಾಳಾಗುತ್ತೆ ಅಂದುಕೊಂಡ. ನಾವೂ ಹೀಗೇ ಅಂದುಕೊಳ್ಳೋದು, ಅಲ್ಲವಾ?

ಕೆಲವು ತಿಂಗಳಾಯಿತು. ದುಡ್ಡು ಪಡೆಯೋರು ಇದ್ದಾರೋ ಇಲ್ಲವೋ ನೋಡೋಕೆ ಅಧಿಕಾರಿ ಮನೆಮನೆಗೆ ಬರ್ತಾರೆ ಅಂತ ಸುದ್ದಿ ಬಂತು. ಅಪ್ಪ ಕಾಶಿಗೆ ಹೋಗಿದ್ದಾರೆ ಅಂದುಬಿಡೋಣ ಅಂತ ಸಾಹುಕಾರ ತೀರ್ಮಾನ ಮಾಡಿದ. ಆದರೆ ನೋಡಿ, ಮನೆಯಲ್ಲಿ ತಾಯಿ ಇದ್ದಳು. ಬರಿ ಹಣೆ, ಬರಿ ಕೈ. ಆ ಪದ್ಧತಿ ಸರಿಯೋ ತಪ್ಪೋ, ಆ ಮಾತು ಇನ್ನೊಂದು ದಿನಕ್ಕಿರಲಿ. ಆ ಹಣೆ ನೋಡಿದರೆ ಅಧಿಕಾರಿಗೆ ಎಲ್ಲ ಗೊತ್ತಾಗುತ್ತೆ. ಅದಕ್ಕೆ ಮಗ ಏನು ಮಾಡಿದ? ಕುಂಕುಮದ ಭರಣಿ ತಂದು ತಾಯಿಯ ಮುಂದೆ ಇಟ್ಟ. ಒಂದು ದಿನದ ಮಟ್ಟಿಗೆ ಹಚ್ಚಿಕೊಳ್ಳವ್ವ ಅಂದ.

ತಾಯಿ ಹಚ್ಚಿಕೊಂಡಳು, ಬಳೆ ತೊಟ್ಟಳು. ಅಧಿಕಾರಿ ಬಂದ, ಸಾಹುಕಾರನ ಮಾತು ನಂಬಿದ, ನೀರು ಕುಡಿದು ಹೋದ.

ಮರುದಿನ ತಾಯಿ ಮಿಂದು ಬಂದು ಮತ್ತೆ ಕುಂಕುಮ ಹಚ್ಚಿಕೊಂಡಳು. ಅದರ ಮರುದಿನವೂ ಹಚ್ಚಿಕೊಂಡಳು. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಯಾಕವ್ವ ಅಂತ ಕೇಳೋಕೆ ಮಗನಿಗೆ ಮುಖ ಎಲ್ಲಿತ್ತು?

ವರ್ಷ ತುಂಬುತ್ತಾ ಬಂತು. ಸಾಹುಕಾರನಿಗೆ ಅಪ್ಪ ಅಂದರೆ ಪ್ರಾಣ, ಅದು ಸುಳ್ಳಲ್ಲ. ತಿಥಿ ದೊಡ್ಡದಾಗಿ ಮಾಡಬೇಕು, ಊರಿಗೆಲ್ಲ ಊಟ ಹಾಕಬೇಕು ಅಂತ ತಾಯಿಯ ಹತ್ತಿರ ಹೋದ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಇದ್ದವರಿಗೆ ಯಾರಾದರೂ ತಿಥಿ ಮಾಡ್ತಾರೇನಪ್ಪ?” ಅಂದಳು.

ಅಕ್ಕಿಯಲ್ಲಿದ್ದ ಒಂದು ಕಲ್ಲು ಆರಿಸಿ ಆಚೆ ಹಾಕಿದಳು.

“ದುಡ್ಡಿಗೆ ನಿಮ್ಮಪ್ಪ ಇದ್ದಾರೆ ಅಂದಮೇಲೆ ನನಗೂ ಇದ್ದಾರೆ. ಅವರು ಹೋದ ದಿನ ನಾನು ಕುಂಕುಮ ಅಳಿಸಿದ್ದೆ. ನೀನು ಮತ್ತೆ ಹಚ್ಚಿಸಿದೆ. ಯಾವತ್ತು ಅಳಿಸಲಿ, ನೀನೇ ಹೇಳು.”

ಮರುದಿನ ಸಾಹುಕಾರ ಕಚೇರಿಗೆ ಹೋಗಿ ತಪ್ಪು ಒಪ್ಪಿಕೊಂಡ, ಬಂದ ದುಡ್ಡನ್ನೆಲ್ಲ ವಾಪಸ್ ಕಟ್ಟಿದ. ಮನೆಗೆ ಬಂದು, ಅಪ್ಪ ಹೋದರು ಅಂತ ಹೇಳಿಬಂದೆ ಅವ್ವ, ಅಂದ. ತಾಯಿ ಸೆರಗಿನಿಂದ ಹಣೆ ಒರೆಸಿಕೊಂಡಳು. ಮೊದಲ ಸಲ ಅವಳ ಜೊತೆ ಊರೇ ಅತ್ತಿತ್ತು. ಈ ಸಲ ಒಬ್ಬಳೇ ಅತ್ತಳು.

ತಾಯಂದಿರೇ, ಅಣ್ಣಂದಿರೇ, ಆ ಸಾಹುಕಾರ ಯಾವ ಊರಿನವನು ಅಂತ ಪಕ್ಕದವರ ಮುಖ ನೋಡಬೇಡಿ. ಬಿತ್ತದ ಹೊಲಕ್ಕೆ ಬೆಳೆ ಹೋಯಿತು ಅಂತ ಪರಿಹಾರ ತಗೊಂಡವರು ಇಲ್ಲಿ ಇಲ್ಲವಾ? ಸತ್ತವರ ಹೆಸರಲ್ಲಿ ಅಕ್ಕಿ ತಂದು ಉಂಡವರು ಇಲ್ಲವಾ? ಇಂಥ ಸುಳ್ಳನ್ನ ಯಾರೂ ಒಬ್ಬರೇ ಹೇಳೋಕೆ ಆಗಲ್ಲ. ಹೆಂಡತಿ ಕೈಲಿ ಹೇಳಿಸಬೇಕು, ಮಕ್ಕಳ ಕೈಲಿ ಹೇಳಿಸಬೇಕು, ಹೆತ್ತ ತಾಯಿ ಕೈಲಿ ಹೇಳಿಸಬೇಕು. ಸರ್ಕಾರ ಕಳಕೊಂಡದ್ದು ದುಡ್ಡು. ನಿಮ್ಮ ಮನೆಯವರು ಕಳಕೊಂಡದ್ದು ಏನು?

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂರುವ ಮೊದಲು ಕೇಳಿ, ನಾನು ನಿಮ್ಮಿಂದ ಯಾವ ಸುಳ್ಳು ಹೇಳಿಸಿದ್ದೀನಿ ಅಂತ. ಅವರು ಹೇಳಿದ್ದನ್ನ ತಲೆತಗ್ಗಿಸಿ ಕೇಳಿ. ನಾಳೆ ಬೆಳಗ್ಗೆ ಹೋಗಿ ಅದನ್ನ ಸರಿಮಾಡಿ. ಅದಾಗುವ ತನಕ ಈ ಮಠಕ್ಕೆ ಕಾಣಿಕೆ ತರಬೇಡಿ. ನಾವು ಮುಟ್ಟೋದಿಲ್ಲ.