ರಕ್ತ ಯಾರದು, ಹೊಗೆ ಯಾರದು

ಯಾವೂರು ಅಂತ ಕೇಳಬೇಡಿ, ಅಲ್ಲೊಬ್ಬ ಸಾಹುಕಾರನಿದ್ದ. ಹೆಸರು ಹೇಳಿದರೆ ಪ್ರವಚನಕ್ಕೆ ಬಂದ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತೀರಿ, ಆಮೇಲೆ ಪ್ರಸಾದ ಮಿಕ್ಕೀತು. ಇವನಿಗೆ ಮನೆತನದ ಹುಚ್ಚು. ನಮ್ಮ ರಕ್ತ, ನಮ್ಮ ರಕ್ತ ಅಂತ ಎದೆ ತಟ್ಟಿಕೊಳ್ಳುವವನು. ಹೊರಗಿನ ರಕ್ತ ಸೇರಬಾರದು ಅಂತ ಮಗಳನ್ನು ಸ್ವಂತ ಅಕ್ಕನ ಮಗನಿಗೇ ಕೊಟ್ಟ. ಅಕ್ಕ ಬೀಗಿತ್ತಿಯಾದಳು, ತಮ್ಮ ಬೀಗನಾದ.

ವರ್ಷ ತುಂಬುವುದರೊಳಗೆ ಅವಳಿ ಹೆಣ್ಣು ಕೂಸುಗಳು ಹುಟ್ಟಿದವು. ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ತೋರಿಸಿದರೆ ಹೆತ್ತವಳಿಗೂ ಗುರುತು ಸಿಗದು, ಅಂಥ ಒಂದೇ ಅಚ್ಚು. ಆದರೆ ನೋಡಿ, ಮುತ್ತು ಕೊಟ್ಟವರ ತುಟಿಗೆಲ್ಲ ಉಪ್ಪು ಹತ್ತುತ್ತಿತ್ತು. ಎರಡಕ್ಕೂ ಕೆಮ್ಮು, ಎದೆಯಲ್ಲಿ ಗೊರಗೊರ ಕಫ. ದವಾಖಾನೆಗೆ ಒಯ್ದರು. ಡಾಕ್ಟರಮ್ಮ ಬೆವರು ಪರೀಕ್ಷೆ ಮಾಡಿಸಿ, ಇದು ಸಿಸ್ಟಿಕ್ ಫೈಬ್ರೋಸಿಸ್, ಹುಟ್ಟಿನಿಂದ ಬಂದದ್ದು, ಕಫ ಅಂಟಾಗಿ ಶ್ವಾಸಕೋಶ ಕಟ್ಟುತ್ತದೆ ಅಂದಳು. ಆ ಹೆಸರನ್ನು ಇನ್ನೊಮ್ಮೆ ಹೇಳಿಸಬೇಡಿ, ನನ್ನ ಹಲ್ಲಿನ ಸೆಟ್ಟು ಸಡಿಲ ಇದೆ.

ಹುಟ್ಟಿನಿಂದ ಅಂದದ್ದೇ ತಡ, ದವಾಖಾನೆ ಪಡಸಾಲೆಯಲ್ಲೇ ಬೀಗರ ಜಗಳ ಶುರು. ನಿಮ್ಮ ಮನೆತನದ ರಕ್ತ ಕೆಟ್ಟದ್ದು ಅಂತ ಇವನು. ನಿಮ್ಮದೇ ಕೆಟ್ಟದ್ದು ಅಂತ ಅವಳು. ಅಲ್ಲ, ನೀವೇ ಹೇಳಿ, ಯಾರ ರಕ್ತ? ಒಂದೇ ತಾಯಿಯ ಹಾಲು ಕುಡಿದವರು. ಡಾಕ್ಟರಮ್ಮ ಬಿಡಿಸಿ ಹೇಳಿದಳು: ಈ ರೋಗಕ್ಕೆ ತಾಯಿಯಿಂದೊಂದು, ತಂದೆಯಿಂದೊಂದು, ಎರಡು ದೋಷ ಕೂಡಬೇಕು, ಒಂದೇ ಇದ್ದವರು ಗುಂಡುಕಲ್ಲಿನ ಹಾಗೆ ಇರುತ್ತಾರೆ, ನಿಮ್ಮಿಬ್ಬರ ಹಾಗೆ. ಆಮೇಲೆ ಅಂದಳು, "ರಕ್ತದ ಪಾಲು ಮುಗೀತ್ರಿ. ಇನ್ನ ಮುಂದ ಈ ಕೂಸುಗಳ ಎದಿ ಎಷ್ಟು ಕೆಡತೈತಿ ಅನ್ನೋದ್ರಾಗ ನಿಮ್ಮ ಮನೀದೂ ಪಾಲೈತಿ." ಔಷಧ ತಪ್ಪಬಾರದು, ಬೆಳಿಗ್ಗೆ ಸಂಜೆ ಬೆನ್ನು ತಟ್ಟಿ ಕಫ ಸಡಿಲಿಸಬೇಕು, ಬೆಣ್ಣೆ ತುಪ್ಪ ತಿನ್ನಿಸಬೇಕು, ಮನೆಯಲ್ಲಿ ಹೊಗೆ ಕೂಡದು ಅಂತ ಹೇಳಿ ಕಳಿಸಿದಳು.

ಎರಡು ಕೂಸು ಒಬ್ಬಳಿಂದ ಆಗದು ಅಂತ ಒಂದು ತಾಯಿಯ ಸಂಗಡ ಅಕ್ಕನ ಮನೆಯಲ್ಲಿ ಉಳಿಯಿತು, ಇನ್ನೊಂದು ಸಾಹುಕಾರನ ಮನೆಗೆ ಬಂತು. ಅಕ್ಕ ಮಹಾ ಹಟಮಾರಿ. ದೇವರ ಮೇಲಿನ ಭಕ್ತಿಗಲ್ಲ, ತಮ್ಮನ ಮೇಲಿನ ಸಿಟ್ಟಿಗೆ, ನನ್ನ ರಕ್ತ ಎಂಥದ್ದು ತೋರಿಸುತ್ತೇನೆ ಅಂತ ಒಲೆ ಕಿತ್ತು ಗ್ಯಾಸು ತಂದಳು, ಗಂಡನ ಬೀಡಿ ಕಟ್ಟನ್ನು ಬಚ್ಚಲಿಗೆ ಎಸೆದಳು, ದಿನಕ್ಕೆರಡು ಸಲ ಕೂಸಿನ ಬೆನ್ನು ತಟ್ಟಿದಳು. ಸಿಟ್ಟಿನಿಂದ ಮಾಡಿದರೂ ಪುಣ್ಯ ಪುಣ್ಯವೇ.

ಸಾಹುಕಾರನೂ ಔಷಧ ಕೊಟ್ಟ, ತುಪ್ಪ ಕೊಟ್ಟ. ಆದರೆ ಕೂಸು ಕೆಮ್ಮಿತು ಅಂದರೆ ಅವನ ಹೆಂಡತಿಗೆ ಒಂದೇ ಅನುಮಾನ: ದೃಷ್ಟಿ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟೆದ್ದರೆ ದೃಷ್ಟಿಯಿಲ್ಲ ಅಂತ ಅವರದೇ ಶಾಸ್ತ್ರ, ಅದನ್ನೂ ಮರೆತರು. ಘಾಟಿಗೆ ಕೂಸು ಇನ್ನಷ್ಟು ಕೆಮ್ಮಿತು. ಇನ್ನಷ್ಟು ಕೆಮ್ಮಿತೇ? ದೃಷ್ಟಿ ಜೋರಾಗಿದೆ, ತನ್ನಿ ಇನ್ನೊಂದು ಹಿಡಿ ಮೆಣಸಿನಕಾಯಿ. ಕೆಮ್ಮಿಗೆ ಹೊಗೆ, ಹೊಗೆಗೆ ಕೆಮ್ಮು. ಸಾಲದ್ದಕ್ಕೆ ಸಾಹುಕಾರ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಸಿಗರೇಟು ಸೇದುವನು. ಪ್ರೀತಿ ಇರಲಿಲ್ಲ ಅನ್ನುತ್ತೀರಾ? ಜೀವವನ್ನೇ ಇಟ್ಟುಕೊಂಡಿದ್ದನಪ್ಪಾ, ಅದೇ ದುಃಖ.

ಆರು ವರ್ಷವಾಯಿತು. ಅಕ್ಕನ ಮನೆಯ ಕೂಸು ಕೆಮ್ಮುತ್ತಲೇ ಕುಂಟಾಬಿಲ್ಲೆ ಆಡುತ್ತಿತ್ತು. ಸಾಹುಕಾರನ ಮನೆಯದು ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ದವಾಖಾನೆಯಲ್ಲಿ ಮಲಗಿತ್ತು. ಸಾಹುಕಾರ ಹಣೆ ಹಣೆ ಬಡಿದುಕೊಂಡು, ಎಲ್ಲ ಹಣೆಬರಹ ಅಂದ. ಏನ್ರೀ ಸಾಹುಕಾರರೇ, ಹಣೆಯಲ್ಲಿ ಬರೆದವನು ಶಿವ, ಸರಿ. ಎದೆಗೆ ಹೊಗೆ ಊದಿದವರು ಯಾರು?

ಎಂಟು ದಿನಕ್ಕೆ ಕೂಸು ಚೇತರಿಸಿಕೊಂಡಿತು. ನಾಳೆ ಮನೆಗೆ ಹೋಗೋಣ ಅಂತ ಅವನಂದ. ಕೂಸು ಹಿಗ್ಗಲಿಲ್ಲ. ಅವನ ಅಂಗಿಯ ತುದಿ ಹಿಡಿದು ಕೇಳಿತು, "ಅಜ್ಜಾ, ಮನ್ಯಾಗ ಮತ್ತ ದೃಷ್ಟಿ ತೆಗಿತೀರೇನು? ನಾ ಇನ್ನ ಕೆಮ್ಮಂಗಿಲ್ಲ. ಖರೇನ ಕೆಮ್ಮಂಗಿಲ್ಲ."

ಆ ಮಾತಿಗೆ ಸಾಹುಕಾರ ಗೊಳೋ ಅಂತ ಅತ್ತ. ಮಾರನೆಯ ದಿನ ಕೂಸನ್ನು ಎತ್ತಿಕೊಂಡು, ಆರು ವರ್ಷದಿಂದ ತುಳಿಯದ ಅಕ್ಕನ ಹೊಸ್ತಿಲ ಮುಂದೆ ಹೋಗಿ ನಿಂತ. ಅಕ್ಕ ಅವನ ಮುಖ ನೋಡಲಿಲ್ಲ. "ಕೂಸಿನ್ನ ಒಳಗ ಕೊಡು," ಅಂದಳು. "ಆ ಸಿಗರೇಟ್ ವಾಸನಿ ಅಂಗಿ ಹೊರಗ ಬಿಚ್ಚಿಟ್ಟು, ಕೈಕಾಲು ತೊಳ್ಕೊಂಡು ನೀನೂ ಬಾ." ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಕುಂಟಾಬಿಲ್ಲೆ ಆಡುವಾಗ ಮಾತ್ರ ನಡುನಡುವೆ ಕೂತುಬಿಡುತ್ತದೆ. ಹೋದ ಉಸಿರೆಲ್ಲ ವಾಪಸು ಬರಲಿಲ್ಲ.

ಇನ್ನು ನಿಮ್ಮ ಮಾತು. ನೀವೂ ಕೆಮ್ಮುವ ಕೂಸನ್ನು ಎತ್ತಿಕೊಂಡು ಮಠಕ್ಕೆ ಬರುತ್ತೀರಿ, ವಿಭೂತಿ ಕೊಡಿ ಅಜ್ಜಾರೇ ಅಂತ. ನಾನೇನು ಡಾಕ್ಟರೇ? ಏಳನೇ ಇಯತ್ತೆಯಲ್ಲಿ ಎರಡು ಸಲ ಫೇಲಾದವನು. ಮೊದಲು ದವಾಖಾನೆಗೆ ಹೋಗಿ, ಆಮೇಲೆ ವಿಭೂತಿಗೆ ಬನ್ನಿ. ಹೊಗೆ ಬಿಟ್ಟರೆ ಇಂಥ ರೋಗವೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ರಕ್ತದಲ್ಲಿ ಬಂದದ್ದು ಇದ್ದೇ ಇರುತ್ತದೆ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಒಂದು ಕೂಸಿಗೆ ಜಾಸ್ತಿ, ಒಂದಕ್ಕೆ ಕಡಿಮೆ ಆದೀತು. ಅದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೀಡಿ.

ಸಂಬಂಧದಲ್ಲೇ ಕೊಟ್ಟು ತರುವವರು ಮದುವೆಗೆ ಮುಂಚೆ ಡಾಕ್ಟರನ್ನು ಕೇಳಿ. ಮೆಣಸಿನಕಾಯಿಯನ್ನು ಸಾರಿಗೆ ಹಾಕಿ, ಕೆಂಡಕ್ಕೆ ಬೇಡ. ಸೊಸೆಗೆ ನಿನ್ನ ರಕ್ತ, ನಿನ್ನ ರಕ್ತ ಅನ್ನುವ ಬಾಯಿಂದಲೇ ಇವತ್ತು, ಔಷಧ ಕೊಟ್ಟೆಯಾ ಮಗಳೇ, ಬೆನ್ನು ನಾನು ತಟ್ಟುತ್ತೇನೆ ಅನ್ನಿ. ಅಲ್ಲಿ ಬೇವಿನ ಮರದ ಕೆಳಗೆ ನಿಂತು ಸೇದುತ್ತ ಪ್ರವಚನ ಕೇಳುತ್ತಿದ್ದೀರಲ್ಲ ಹಿರಿಯರೇ, ಮನೆಗೆ ಹೋದ ಕೂಡಲೇ ನಿಮ್ಮ ಕೊರಳಿಗೆ ಒಂದು ಕೂಸು ಜೋತು ಬೀಳುತ್ತದಲ್ಲ? ಅದು ನಿಮಗೆ ಹೆದರಿ ಕೆಮ್ಮು ನುಂಗಿಕೊಳ್ಳುವ ಹಾಗೆ ಮಾಡಬೇಡಿ. ಆರಿಸಿ ಆ ಬೀಡಿಯನ್ನ.