ದಪ್ಪ ತಂತಿ

“ಧಾರವಾಡದಿಂದ ನಿನ್ನ ಗಿಟಾರಿಗೆ ತೆಳ್ಳನ್ನ ತಂತಿ ತರ್ತೇನಿ, ಮಲಕಪ್ಪ. ಹೊಸದಾಗಿ ಕಲಿಯಾವ್ರ ಬೆರಳಿಗೆ ಅದ ಹಗುರ.”

ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಪರಸಪ್ಪ ಕೂಗಿ ಕೂಗಿ ಹೇಳುತ್ತಿದ್ದುದು, ಹಿಂದಿನ ಬೆಂಚಿನಲ್ಲಿ ಗಂಟು ಹಿಡಿದು ಕೂತಿದ್ದ ಗೋದುಬಾಯಿಗೂ ಕೇಳುತ್ತಿತ್ತು. ಇಬ್ಬರೂ ಅವಳ ಗಂಡ ಗರಗಸ ನಡೆಸುವ ಕಟ್ಟಿಗೆ ಮಿಲ್ಲಿನವರೇ.

“ಬ್ಯಾಡೋ, ದಪ್ಪಂದ ತಾ.”

“ಬೆರಳಿಗೆ ಬೊಬ್ಬಿ ಬರ್ತಾವಲೇ.”

“ಬರಲಿ. ಗರಗಸದ ಸಪ್ಪಳದಾಗ ನಿಂತು ನಿಂತು ಕಿವಿ ಮಂದ ಆಗ್ಯಾವು. ತೆಳ್ಳಂದು ಕೇಳಸೂದಿಲ್ಲ. ದಪ್ಪಂದು ಮೀಟಿದ್ರ ಎದಿಗೆ ತಾಗತೈತಿ.”

“ಮನ್ಯಾಗ ಹೇಳಿಯೇನು?”

“ಯಾರು ಹೇಳ್ಯಾರ? ಗರಗಸದ ಮುಂದ ನಿಲ್ಲಾವ್ರದೆಲ್ಲಾ ಇದ ಪಾಡು.”

ಹಳಿಯಾಳದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸು ಬಂತು. ಪರಸಪ್ಪ ಎದ್ದ; ಅವನನ್ನು ಹತ್ತಿಸಿ ಬರಲು ಮಲಕಪ್ಪನೂ ಅದರತ್ತ ನಡೆದ.

ಎಷ್ಟು ಕರೆದರೂ ಓಗೊಡದ ಗಂಡನ ಮೇಲೆ ಮುನಿದು ಅದೇ ಬಸ್ಸಿಗೆ ತವರಿಗೆ ಹೊರಟಿದ್ದ ಗೋದುಬಾಯಿ, ಗಂಟನ್ನು ಕಂಕುಳಿಗೇರಿಸಿ ಮನೆಯ ಕಡೆ ತಿರುಗಿದಳು.